ಬಾಡಿಗೆಯ ಕೊಪ್ಪರಿಗೆ, ಸ್ವಂತ ಕೊಪ್ಪರಿಗೆ

ಮಗಳ ಮದುವೆ ನಿಶ್ಚಯವಾದೊಡನೆ ಸಾವಿರ ಜನರಿಗೆ ಅನ್ನ ಬೇಯುವ ಕೊಪ್ಪರಿಗೆಯನ್ನು ಯಾರೂ ಕೊಂಡು ತರುವುದಿಲ್ಲ. ಎರಡು ದಿನಕ್ಕೆ ಬಾಡಿಗೆಗೆ ತಂದು, ಕೆಲಸ ಮುಗಿದ ಮೇಲೆ ತೊಳೆದು ಹಿಂದಿರುಗಿಸುತ್ತೇವೆ. ಆದರೆ ದಿನವೂ ಒಂದಲ್ಲ ಒಂದು ಮದುವೆಯ ಅಡಿಗೆಗೆ ನಿಲ್ಲುವ ಭಟ್ಟರು ಹಾಗೆಯೇ ಮಾಡಿದರೆ, ಅವರ ಸಂಪಾದನೆಯೆಲ್ಲ ಪಾತ್ರೆಯಂಗಡಿಯ ಪಾಲಾದೀತು. ಇಂದಿನ ವ್ಯಾಪಾರಲೋಕದಲ್ಲಿ 'ಕ್ಲೌಡ್' ಎಂದು ಕರೆಯಿಸಿಕೊಳ್ಳುವ ಏರ್ಪಾಡಿನ ಲಾಭನಷ್ಟಗಳ ಗುಟ್ಟು ಅಡಗಿರುವುದು ಇಲ್ಲಿಯೇ.

ಕ್ಲೌಡ್ ಎಂದರೆ ಮೋಡ. ಹೆಸರು ಮೋಡವಾದರೂ ಅದರ ಯಂತ್ರಗಳಿರುವುದು ನೆಲದ ಮೇಲೆಯೇ. ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಕಂಪ್ಯೂಟರುಗಳನ್ನು ನಿಲ್ಲಿಸಿ, ವಿದ್ಯುತ್ತು, ತಂಪು, ಕಾವಲುಗಳನ್ನು ಒದಗಿಸಿ, ಬೇಕಾದವರಿಗೆ ಬೇಕಾದಷ್ಟು ಹೊತ್ತು ಬಾಡಿಗೆಗೆ ಕೊಡುವ ಉದ್ಯಮವದು. ಅಮೆರಿಕದ ಅಮೆಜಾನ್ ಸಂಸ್ಥೆಯು 2006ರಲ್ಲಿ ಇದನ್ನು ತೆರೆದಾಗ, ಒಂದು ಗಿಗಾಬೈಟ್ ಮಾಹಿತಿಯನ್ನು ತಿಂಗಳ ಕಾಲ ಕಾಪಾಡಲು 15 ಸೆಂಟ್, ಒಂದು ಕಂಪ್ಯೂಟರನ್ನು ಗಂಟೆಯ ಹೊತ್ತು ಬಳಸಲು 10 ಸೆಂಟ್ ದರವಿರಿಸಿತು.

ಅಂಗಡಿಯ ವಿಳಾಸವನ್ನೂ ಸರಕಿನ ಚಿತ್ರಗಳನ್ನೂ ತೋರಿಸಲು ಒಂದು ಪುಟವಷ್ಟೇ ಬೇಕೆನ್ನುವ ಸಣ್ಣ ವ್ಯಾಪಾರಿಗೆ ಇದೂ ಅನಾವಶ್ಯಕ. ವಠಾರದ ಮನೆಗಳಂತೆ ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳುವ ಅಗ್ಗದ ಹೋಸ್ಟಿಂಗ್ ಅವನಿಗೆ ಸಾಕು. ಕ್ಲೌಡಿನ ನಿಜವಾದ ಉಪಕಾರ ದೊರೆಯುವುದು ಬೆಳೆಯುತ್ತಿರುವ ಮಧ್ಯಮ ಸಂಸ್ಥೆಗೆ. ದೀಪಾವಳಿಯ ವಾರ ಗಿರಾಕಿಗಳ ನೂಕುನುಗ್ಗಲು, ಮರುವಾರ ಖಾಲಿ ಎಂಬ ಸ್ಥಿತಿಯಲ್ಲಿ, ಹಬ್ಬಕ್ಕೆ ತಕ್ಕಷ್ಟು ಯಂತ್ರಗಳನ್ನು ಕೊಂಡರೆ ವರ್ಷವಿಡೀ ಅವು ಧೂಳು ಹಿಡಿದು ಕೂರುತ್ತವೆ. ಅವನ್ನು ನೋಡಿಕೊಳ್ಳುವ ಇಂಜಿನಿಯರ ಸಂಬಳವೇ ಬಾಡಿಗೆಯನ್ನು ಮೀರಿಸುವುದುಂಟು.

ಹಾಗಾದರೆ ದೊಡ್ಡವರ ಮಾತೇನು? 2008ರ ಆಗಸ್ಟಿನಲ್ಲಿ ಸ್ವಂತ ಯಂತ್ರಗಳಲ್ಲಿದ್ದ ಮಾಹಿತಿ ಕೆಟ್ಟು, ಮೂರು ದಿನ ಡಿವಿಡಿಗಳನ್ನು ಕಳುಹಿಸಲಾಗದೆ ಪೇಚಾಡಿದ ನೆಟ್‌ಫ್ಲಿಕ್ಸ್ ಸಂಸ್ಥೆ ಬಾಡಿಗೆಯ ದಾರಿ ಹಿಡಿಯಿತು. ಆ ಸ್ಥಳಾಂತರ ಮುಗಿದುದು 2016ರ ಜನವರಿಯಲ್ಲಿ. ಆದರೂ ಚಲನಚಿತ್ರಗಳನ್ನು ಮನೆಮನೆಗೆ ಮುಟ್ಟಿಸುವ ಯಂತ್ರಗಳನ್ನು ಅದು ಸ್ವಂತವಾಗಿಯೇ ಇಟ್ಟುಕೊಂಡಿತು. ದಿನವೂ ಒಲೆಯ ಮೇಲಿರುವ ಪಾತ್ರೆ ಅದು ತಾನೆ!

ಜನರ ಕಡತಗಳನ್ನು ಕಾಪಾಡುವ ಡ್ರಾಪ್‌ಬಾಕ್ಸ್ ನಡೆದುದು ವಿರುದ್ಧ ದಿಕ್ಕಿನಲ್ಲಿ. ಬಾಡಿಗೆಯ ಜಾಗದಲ್ಲಿದ್ದ ಬಹುಪಾಲು ಮಾಹಿತಿಯನ್ನು ಸ್ವಂತ ಯಂತ್ರಗಳಿಗೆ ತಂದುದರಿಂದ 2016 ಮತ್ತು 2017ರಲ್ಲಿ ಅದಕ್ಕೆ ಸುಮಾರು ಏಳೂವರೆ ಕೋಟಿ ಡಾಲರ್ ಉಳಿಯಿತು. ಥರ್ಟಿಸೆವೆನ್ ಸಿಗ್ನಲ್ಸ್ ಅಷ್ಟು ದೊಡ್ಡದಲ್ಲದ ಸಂಸ್ಥೆ. 2022ರಲ್ಲಿ ಅದು ಕ್ಲೌಡಿಗೆ ತೆತ್ತುದು 32 ಲಕ್ಷ ಡಾಲರ್. ಸುಮಾರು 7 ಲಕ್ಷ ಡಾಲರಿನ ಯಂತ್ರಗಳನ್ನು ಕೊಂಡ ಮೇಲೆ, 2024ರ ವೇಳೆಗೆ ಆ ವಾರ್ಷಿಕ ವೆಚ್ಚ 13 ಲಕ್ಷಕ್ಕೆ ಇಳಿಯಿತು. ಯಂತ್ರಗಳನ್ನು ನಿರ್ವಹಿಸಬಲ್ಲ ನುರಿತವರು ಅಲ್ಲಿ ಮೊದಲೇ ಇದ್ದರು ಎಂಬುದನ್ನು ಮರೆಯಬಾರದು.

ಆದುದರಿಂದ ಸಂಸ್ಥೆಯ ಗಾತ್ರವೊಂದನ್ನೇ ನೋಡಿ ನಿರ್ಧರಿಸುವುದು ಸರಿಯಲ್ಲ. ಕೆಲಸ ದಿನವೂ ಒಂದೇ ಸಮನಾಗಿದೆಯೆ, ಯಂತ್ರವನ್ನು ಬಲ್ಲವರು ಮನೆಯಲ್ಲಿದ್ದಾರೆಯೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬಾಡಿಗೆಗೆ ಹೋಗುವವರು ಎಚ್ಚರ ವಹಿಸಬೇಕಾದ ಸಂಗತಿಗಳೂ ಎರಡಿವೆ. ನಿಲ್ಲಿಸಲು ಮರೆತ ಯಂತ್ರದ ಮೀಟರು ರಾತ್ರಿಯಿಡೀ ತಿರುಗುತ್ತಲೇ ಇರುತ್ತದೆ. ಮಾಹಿತಿಯನ್ನು ಒಳಗೆ ಸೇರಿಸಲು ಸಾಮಾನ್ಯವಾಗಿ ಸುಂಕವಿಲ್ಲ. ಹೊರಕ್ಕೆ ಕಳುಹಿಸುವಾಗ ಮಾತ್ರ ಗಿಗಾಬೈಟಿಗಿಷ್ಟು ಎಂದು ತೆರಬೇಕಾಗುತ್ತದೆ.

ಕೊಪ್ಪರಿಗೆಯನ್ನು ತರಿಸುವ ಮುನ್ನ ಊಟಕ್ಕೆ ಬರುವವರ ಲೆಕ್ಕ ಹಾಕಬೇಕೆಂಬುದು ನಮ್ಮ ಅಜ್ಜಿಯಂದಿರಿಗೆ ತಿಳಿದಿದ್ದ ವಿಷಯವೇ.