ಅಂಕಪಟ್ಟಿಯಲ್ಲಿ ಕಾಣದ ಹೆಸರು: ಅಮೆರಿಕದ ಶಾಲಾ ಲಕ್ರಾಸ್ ಮತ್ತು ಒಂದು ಪುಟ್ಟ ರಾಷ್ಟ್ರ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ನಡುಭಾಗದಲ್ಲಿರುವ ಸಿರಕ್ಯೂಸ್ ಪ್ರದೇಶದಲ್ಲಿ ಮಾರ್ಚ್ ಕೊನೆಯಿಂದ ಜೂನ್ ಆರಂಭದವರೆಗೆ ಪ್ರೌಢಶಾಲಾ ಬಾಲಕರ ಲಕ್ರಾಸ್ ಋತು. ಪ್ರತಿ ವಾರಾಂತ್ಯದ ಪಂದ್ಯಗಳ ಬಳಿಕ ಸ್ಥಳೀಯ ಕ್ರೀಡಾಪುಟಗಳಲ್ಲಿ ಉದ್ದನೆಯ ಫಲಿತಾಂಶ ಪಟ್ಟಿ ಪ್ರಕಟವಾಗುತ್ತದೆ. ಅಂತರ ಶಾಲಾ ಕ್ರಿಕೆಟ್ಟಿನ ಸಂಕ್ಷಿಪ್ತ ಸ್ಕೋರು ಓದಿ ಅಭ್ಯಾಸವಿರುವ ನಮ್ಮವರಿಗೆ ಆ ಪಟ್ಟಿಯ ಸ್ವರೂಪ ಹೊಸದೆನಿಸದು. ಮೊದಲು ಎರಡು ಶಾಲೆಗಳ ಹೆಸರು, ಅವುಗಳ ಮುಂದೆ ಗೋಲುಗಳ ಸಂಖ್ಯೆ, ಅನಂತರ ಗೋಲು ಹೊಡೆದವರು, ನೆರವಾದವರು, ಗೋಲ್‌ಕೀಪರ್ ತಡೆದ ಹೊಡೆತಗಳ ಲೆಕ್ಕ. ಆದರೆ ಈ ಆಟವನ್ನು ಲೋಕಕ್ಕೆ ಕೊಟ್ಟ ಜನರ ಹೆಸರು ಮಾತ್ರ ಆ ಪಟ್ಟಿಯ ಯಾವ ಸಾಲಿನಲ್ಲಿಯೂ ಇರುವುದಿಲ್ಲ. ಅವರ ಮಕ್ಕಳು ಅಲ್ಲಿ ಆಡುತ್ತಿದ್ದರೂ ಇರುವುದಿಲ್ಲ.

ಮೊದಲು ಆಟದ ಪರಿಚಯ. ತುದಿಯಲ್ಲಿ ಬಲೆಯ ಚೀಲವಿರುವ ಕೋಲಿನಿಂದ ಗಟ್ಟಿ ರಬ್ಬರಿನ ಚೆಂಡನ್ನು ಹಿಡಿದು, ಹೊತ್ತು ಓಡಿ, ಎಸೆದು, ಎದುರಾಳಿಯ ಗೋಲಿಗೆ ಹೊಡೆಯುವುದೇ ಲಕ್ರಾಸ್. ಬಾಲಕರ ಆಟದಲ್ಲಿ ಪ್ರತಿ ತಂಡದಲ್ಲಿ 10 ಮಂದಿ. ಅಂಕಣ 110 ಗಜ ಉದ್ದ, 60 ಗಜ ಅಗಲ. ಪ್ರೌಢಶಾಲಾ ಪಂದ್ಯ 12 ನಿಮಿಷಗಳ 4 ಅವಧಿಗಳಲ್ಲಿ ಮುಗಿಯುತ್ತದೆ. ಗೋಲಿನ ಚೌಕಟ್ಟು 6 ಅಡಿ ಅಗಲ, 6 ಅಡಿ ಎತ್ತರ ಮಾತ್ರ. ಹಾಗಿದ್ದರೂ ಒಂದು ತಂಡ ಹತ್ತು ಹನ್ನೆರಡು ಗೋಲು ಹೊಡೆಯುವುದು ಇಲ್ಲಿ ಸಾಮಾನ್ಯ ಸಂಗತಿ.

ಕೆಲವೊಮ್ಮೆ ಅಂತರ ವಿಪರೀತವಾಗುವುದೂ ಉಂಟು. ಇದಕ್ಕೆ ಕಾರಣ ನಿಯಮದಲ್ಲಿಯೇ ಇದೆ. ಫುಟ್‌ಬಾಲಿನಲ್ಲಿ ಗೋಲು ಬಿಟ್ಟುಕೊಟ್ಟ ತಂಡಕ್ಕೆ ಚೆಂಡು ಸಿಗುತ್ತದೆ. ಲಕ್ರಾಸಿನಲ್ಲಿ ಸಾಮಾನ್ಯವಾಗಿ ಪ್ರತಿ ಗೋಲಿನ ನಂತರ ಮಧ್ಯದಲ್ಲಿ ಇಬ್ಬರು ಎದುರುಬದುರಾಗಿ ಬಾಗಿ ಚೆಂಡಿಗಾಗಿ ಸೆಣಸಬೇಕು; ಇದಕ್ಕೆ ಫೇಸ್‌ಆಫ್ ಎಂದು ಹೆಸರು. ಅದರಲ್ಲಿ ಪಳಗಿದ ಒಬ್ಬ ಹುಡುಗನಿದ್ದರೆ ಆತನ ತಂಡವೇ ಮತ್ತೆ ಮತ್ತೆ ಚೆಂಡು ಪಡೆದು, ಎದುರಾಳಿಗಳು ಕೋಲಿಗೆ ಚೆಂಡು ತಾಗಿಸುವ ಮೊದಲೇ ನಾಲ್ಕೈದು ಗೋಲು ಹೊಡೆದುಬಿಡಬಹುದು. ದ್ವಿತೀಯಾರ್ಧದಲ್ಲಿ ಅಂತರ 12 ಗೋಲುಗಳಿಗೆ ಏರಿದರೆ ಗಡಿಯಾರವನ್ನು ಸಣ್ಣಪುಟ್ಟ ಕಾರಣಗಳಿಗೆ ನಿಲ್ಲಿಸದೆ ಓಡಿಸುವ ನಿಯಮವನ್ನು ಶಾಲಾ ಲಕ್ರಾಸಿನಲ್ಲಿ ತಂದಿರುವುದು ಸೋಲುವ ಮಕ್ಕಳ ಮಾನ ಕಾಯಲೆಂದೇ ಇರಬೇಕು.

ಲಾಫಯೆಟ್ ಎಂಬ ಸಾಲು

ಸಿರಕ್ಯೂಸ್ ಪ್ರದೇಶದ ಪಟ್ಟಿಯಲ್ಲಿ ಲಾಫಯೆಟ್ ಎಂಬ ಸಣ್ಣ ಶಾಲೆಯ ಹೆಸರು ಬರುತ್ತದೆ. ಅದರ ಪಕ್ಕದಲ್ಲಿಯೇ ಒನೊಂಡಾಗ ರಾಷ್ಟ್ರದ ನೆಲವಿದೆ. ಒನೊಂಡಾಗ, ಮೊಹಾಕ್, ಒನೈಡ, ಕಯೂಗ, ಸೆನೆಕ, ಟಸ್ಕರೋರ ಎಂಬ ಆರು ಮೂಲನಿವಾಸಿ ರಾಷ್ಟ್ರಗಳ ಒಕ್ಕೂಟವೇ ಹೋಡೆನೊಷೋನಿ. ಹೊರಗಿನವರು ಇವರನ್ನು ಇರೊಕ್ವಾ ಎಂದು ಕರೆದರು. ಒನೊಂಡಾಗ ನೆಲದಲ್ಲಿರುವ ಶಾಲೆಯಲ್ಲಿ 8ನೇ ತರಗತಿಯವರೆಗೆ ಮಾತ್ರ ಓದಲು ಅವಕಾಶ. ಅನಂತರ ಮಕ್ಕಳು ಹೋಗುವುದು ಲಾಫಯೆಟ್ ಪ್ರೌಢಶಾಲೆಗೆ. ಆ ಶಾಲೆಯ ತಂಡದ ಅಡ್ಡಹೆಸರು ಲ್ಯಾನ್ಸರ್ಸ್, ಅಂದರೆ ಈಟಿ ಹಿಡಿದ ಯುರೋಪಿನ ಕುದುರೆ ಸವಾರರು! ಉತ್ತರದ ಗಡಿಯಲ್ಲಿ ಮೊಹಾಕ್ ಮಕ್ಕಳು ಬಹುಸಂಖ್ಯೆಯಲ್ಲಿ ಓದುವ ಸಾಮನ್ ರಿವರ್ ಶಾಲೆಯ ತಂಡ ಐರ್ಲೆಂಡಿನ ಎಲೆಯ ಹೆಸರು ಹೊತ್ತ ಶ್ಯಾಮ್ರಾಕ್ಸ್.

ಇದಕ್ಕೆ ತದ್ವಿರುದ್ಧವಾಗಿ, ಮೂಲನಿವಾಸಿಗಳ ಸುಳಿವೇ ಇಲ್ಲದ ಎಷ್ಟೋ ಊರುಗಳ ಶಾಲಾ ತಂಡಗಳು ದಶಕಗಳ ಕಾಲ 'ಇಂಡಿಯನ್ಸ್', 'ವಾರಿಯರ್ಸ್' ಎಂದು ಕರೆದುಕೊಂಡವು. ಅಂಥ ಹೆಸರು ಮತ್ತು ಲಾಂಛನಗಳನ್ನು ನ್ಯೂಯಾರ್ಕಿನ ಶಿಕ್ಷಣ ಮಂಡಳಿ 2023ರ ಏಪ್ರಿಲ್‌ನಲ್ಲಿ ನಿಷೇಧಿಸಿ, 2024-25ರ ಶಾಲಾ ವರ್ಷ ಮುಗಿಯುವುದರೊಳಗೆ ಬದಲಾಯಿಸಬೇಕೆಂದು ಗಡುವು ನೀಡಿತು. 'ಚೀಫ್ಸ್' ಎಂಬ ಹೆಸರಿನ ಲಾಂಗ್ ಐಲೆಂಡಿನ ಮ್ಯಾಸಪೀಕ್ವ ಶಾಲಾ ಜಿಲ್ಲೆ ನ್ಯಾಯಾಲಯದ ಮೆಟ್ಟಿಲೇರಿತು. 2025ರಲ್ಲಿ ಅಧ್ಯಕ್ಷ ಟ್ರಂಪ್ ಅವರೇ ಆ ಶಾಲೆಯ ಪರ ನಿಂತರು. ಮೂಲನಿವಾಸಿಗಳ ಹೆಸರಿಗಾಗಿ ಇಷ್ಟು ಹೋರಾಡುವ ದೇಶದಲ್ಲಿ ಮೂಲನಿವಾಸಿ ಬಾಲಕರು ಮಾತ್ರ ತಮ್ಮದೇ ಆಟವನ್ನು ಲ್ಯಾನ್ಸರ್ಸ್ ಆಗಿ ಆಡುತ್ತಿದ್ದಾರೆ.

ಹೋಡೆನೊಷೋನಿಗಳಿಗೆ ಲಕ್ರಾಸ್ ಬರಿಯ ಆಟವಲ್ಲ. ಅದು ಸೃಷ್ಟಿಕರ್ತನ ಸಂತೋಷಕ್ಕಾಗಿ ಆಡುವ ಆಟ. ಊರಿನಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಗುಣವಾಗಲೆಂದು ಆಡಿಸುವ ಆಟವೂ ಹೌದು. ಹಿಕರಿ ಮರವನ್ನು ಬಗ್ಗಿಸಿ ಕೋಲು ಮಾಡುವ ಕುಶಲಿಗಳು ಇಂದಿಗೂ ಅವರಲ್ಲಿದ್ದಾರೆ. ಫ್ರೆಂಚರು ಈ ಆಟಕ್ಕೆ ಇಂದಿನ ಹೆಸರಿಟ್ಟರು. ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬೀರ್ಸ್ 1867ರಲ್ಲಿ ನಿಯಮಗಳನ್ನು ಅಚ್ಚುಕಟ್ಟುಗೊಳಿಸಿದರು. ಮುಂದಿನ ಹದಿಮೂರೇ ವರ್ಷಗಳಲ್ಲಿ, ಅಂದರೆ 1880ರಲ್ಲಿ, ಕೆನಡಾದ ಲಕ್ರಾಸ್ ಸಂಸ್ಥೆ ಮೂಲನಿವಾಸಿಗಳನ್ನು ತನ್ನ ಚಾಂಪಿಯನ್‌ಷಿಪ್‌ನಿಂದ ಹೊರಗಿಟ್ಟಿತು. ಹವ್ಯಾಸಿಗಳಿಗೆ ಮಾತ್ರ ಅವಕಾಶ ಎಂಬುದು ಕೊಟ್ಟ ನೆಪ. 1904ರ ಸೇಂಟ್ ಲೂಯಿ ಒಲಿಂಪಿಕ್ಸ್‌ನಲ್ಲಿ ಮೊಹಾಕ್ ತಂಡವೊಂದು ಕಂಚು ಗಳಿಸಿತು. ಅದೂ ದಾಖಲೆಗಳಲ್ಲಿ ಸೇರಿದ್ದು ಕೆನಡಾದ ಖಾತೆಗೆ. (ಸ್ಪರ್ಧೆಯಲ್ಲಿ ಇದ್ದದ್ದೇ ಮೂರು ತಂಡಗಳು ಎಂಬುದನ್ನೂ ಹೇಳಬೇಕು.)

ಲಾಫಯೆಟ್ ಶಾಲೆಯಲ್ಲಿ ಆಡಿ ಬೆಳೆದವರಲ್ಲಿ ಒನೊಂಡಾಗದ ಲೈಲ್ ಮತ್ತು ಮೈಲ್ಸ್ ಥಾಂಪ್ಸನ್ ಸಹೋದರರೂ ಸೇರಿದ್ದಾರೆ. ಆಲ್ಬನಿ ವಿಶ್ವವಿದ್ಯಾಲಯದ ಪರ 2014ರಲ್ಲಿ ಲೈಲ್ 51 ಗೋಲು ಹೊಡೆದು, 77 ಗೋಲುಗಳಿಗೆ ನೆರವಾಗಿ ಒಟ್ಟು 128 ಅಂಕ ಗಳಿಸಿದರು. ಒಂದೇ ಋತುವಿನಲ್ಲಿ ಯಾವ ಕಾಲೇಜು ಆಟಗಾರನೂ ಅದುವರೆಗೆ ಅಷ್ಟು ಗಳಿಸಿರಲಿಲ್ಲ. ಆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಟೆವಾರಾಟನ್ ಪ್ರಶಸ್ತಿಯನ್ನು ಸಹೋದರರಿಬ್ಬರೂ ಹಂಚಿಕೊಂಡರು. ಟೆವಾರಾಟನ್ ಎಂಬುದು ಈ ಆಟಕ್ಕಿರುವ ಮೊಹಾಕ್ ಹೆಸರು. ಆದರೂ ಮೂಲನಿವಾಸಿ ಆಟಗಾರರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ಪಾಸ್‌ಪೋರ್ಟಿನ ಪ್ರಶ್ನೆ

ಶಾಲೆ, ಕಾಲೇಜು ಮುಗಿಸಿದ ಹೋಡೆನೊಷೋನಿ ಆಟಗಾರರಿಗೆ ತಮ್ಮ ಹೆಸರಿನಲ್ಲಿಯೇ ಆಡುವ ಅವಕಾಶ ಒಂದುಂಟು. 1983ರಲ್ಲಿ ಇರೊಕ್ವಾ ನ್ಯಾಷನಲ್ಸ್ ಎಂಬ ತಂಡ ಸ್ಥಾಪನೆಯಾಯಿತು. ಈಗ ಅದಕ್ಕೆ ಹೋಡೆನೊಷೋನಿ ನ್ಯಾಷನಲ್ಸ್ ಎಂದು ಹೆಸರು. 1990ರಿಂದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ವತಂತ್ರ ರಾಷ್ಟ್ರವಾಗಿ ಆಡತೊಡಗಿದ ಪುರುಷರ ತಂಡ 2014, 2018 ಮತ್ತು 2023ರಲ್ಲಿ ಕಂಚಿನ ಪದಕ ಗಳಿಸಿದೆ. 2010ರಲ್ಲಿ ಮಾತ್ರ ತಂಡ ನ್ಯೂಯಾರ್ಕಿನಲ್ಲಿಯೇ ಉಳಿಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಹೊರಟ ಆಟಗಾರರ ಕೈಯಲ್ಲಿದ್ದದ್ದು ಅಮೆರಿಕದ್ದಲ್ಲ, ತಮ್ಮ ಒಕ್ಕೂಟದ ಪಾಸ್‌ಪೋರ್ಟ್. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಮಧ್ಯಪ್ರವೇಶಿಸಿ ಒಂದು ಬಾರಿಯ ವಿನಾಯಿತಿ ಕೊಡಿಸಿದರೂ ಬ್ರಿಟನ್ ವೀಸಾ ನೀಡಲಿಲ್ಲ. ಅಮೆರಿಕದ ಪಾಸ್‌ಪೋರ್ಟ್ ತೋರಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆಟಗಾರರು ಅದಕ್ಕೆ ಒಪ್ಪಲಿಲ್ಲ, ಪಂದ್ಯಗಳು ಕೈತಪ್ಪಿದವು.

2022ರ ಬರ್ಮಿಂಗ್‌ಹ್ಯಾಮ್ ವರ್ಲ್ಡ್ ಗೇಮ್ಸ್‌ಗೆ ಮೊದಲು ಇವರನ್ನು ಆಹ್ವಾನಿಸಿರಲಿಲ್ಲ. ಪ್ರತಿಭಟನೆಯ ಬಳಿಕ ಸಂಘಟಕರು ಮನಸ್ಸು ಬದಲಿಸಿದಾಗ, ಐರ್ಲೆಂಡ್ ತಂಡ ತಾನಾಗಿ ಹಿಂದೆ ಸರಿದು ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿತು. ಕ್ರೀಡಾಲೋಕದಲ್ಲಿ ಇಂಥ ನಡೆ ಅಪರೂಪ.

ಈಗಿನ ಪ್ರಶ್ನೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನದು. 2023ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ಕ್ರಿಕೆಟ್ಟಿನೊಂದಿಗೆ ಲಕ್ರಾಸ್‌ಗೂ ಪ್ರವೇಶ ನೀಡಿತು. ಕ್ರಿಕೆಟ್ ಸುದ್ದಿಯ ಸಂಭ್ರಮದಲ್ಲಿ ನಮ್ಮಲ್ಲಿ ಲಕ್ರಾಸ್ ಯಾರ ಗಮನಕ್ಕೂ ಬರಲಿಲ್ಲ. ಅಲ್ಲಿ ಆಡಿಸುವುದು ಪ್ರತಿ ತಂಡದಲ್ಲಿ 6 ಮಂದಿಯ ಚುಟುಕು ಮಾದರಿಯನ್ನು. ಆದರೆ ಒಲಿಂಪಿಕ್ಸ್‌ಗೆ ತಂಡ ಕಳುಹಿಸುವ ಅಧಿಕಾರ ಮಾನ್ಯತೆ ಪಡೆದ ರಾಷ್ಟ್ರೀಯ ಒಲಿಂಪಿಕ್ ಸಮಿತಿಗಳಿಗೆ ಮಾತ್ರ. ಹೋಡೆನೊಷೋನಿಗಳಿಗೆ ಅಂಥ ಸಮಿತಿಯಿಲ್ಲ. ಇದೇ ಬಗೆಯ ತೊಡಕು ಕ್ರಿಕೆಟ್ಟಿನಲ್ಲಿಯೂ ಇದೆ: ವೆಸ್ಟ್ ಇಂಡೀಸ್ ಎಂಬ ಒಲಿಂಪಿಕ್ ಸಮಿತಿ ಇಲ್ಲದ ಕಾರಣ ಆ ತಂಡವೂ ಆ ಹೆಸರಿನಲ್ಲಿ ಅಲ್ಲಿ ಆಡುವಂತಿಲ್ಲ. ವ್ಯತ್ಯಾಸವೆಂದರೆ ಜಮೈಕ, ಬಾರ್ಬಡೋಸ್‌ಗಳಿಗೆ ತಮ್ಮದೇ ಧ್ವಜದಡಿ ಸ್ಪರ್ಧಿಸುವ ದಾರಿಯಿದೆ; ಒನೊಂಡಾಗಕ್ಕೆ ಅದೂ ಇಲ್ಲ.

2023ರ ಡಿಸೆಂಬರ್‌ನಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಜೋ ಬೈಡನ್, ಹೋಡೆನೊಷೋನಿಗಳು ತಮ್ಮ ಧ್ವಜದಡಿ ಆಡಬೇಕೆಂದು ಬಹಿರಂಗವಾಗಿ ಬೆಂಬಲಿಸಿದರು. ಒಲಿಂಪಿಕ್ ಸಮಿತಿ ಮಾತ್ರ ನಿಯಮವನ್ನೇ ಮುಂದಿಟ್ಟಿತು. ಆಟಗಾರರು ತಮ್ಮ ಬಳಿ ಇರುವ ಪಾಸ್‌ಪೋರ್ಟಿನ ಅನುಸಾರ ಅಮೆರಿಕ ಅಥವಾ ಕೆನಡಾ ತಂಡದಲ್ಲಿ ಸ್ಥಾನ ಪಡೆಯಬಹುದು ಎಂಬುದು ಅದರ ನಿಲುವಾಗಿತ್ತು. 2010ರಲ್ಲಿ ವಿಮಾನ ತಪ್ಪಿಸಿಕೊಂಡರೂ ಆ ಪಾಸ್‌ಪೋರ್ಟನ್ನು ಮುಟ್ಟದವರ ಮಕ್ಕಳಿಗೆ, ತಮ್ಮಂದಿರಿಗೆ ಈ ಮಾತು ಹೇಳಲಾಗಿದೆ.