ಸೂಜಿರಂಧ್ರವೋ, ಗಾಜಿನ ಲೆನ್ಸೋ?

ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ಗರ್ಭಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಗೋಪುರದ ತಲೆಕೆಳಗಾದ ‘ನೆರಳ’ನ್ನು ನೋಡಿಯೇ ಇರುತ್ತೀರಿ. ನಿಜಕ್ಕೂ ಅದು ನೆರಳಲ್ಲ, ಬೆಳಕಿನ ಬಿಂಬ. ಒಂಬತ್ತು ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ಪೂರ್ವ ಗೋಪುರದ ತುದಿಯಿಂದ ಬಂದ ಬೆಳಕು ಕಿಂಡಿಯಲ್ಲಿ ಹಾದು ಗೋಡೆಯ ಕೆಳಗೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲೆ. ಗಾಜಿಲ್ಲ, ಲೆನ್ಸಿಲ್ಲ, ಕಲ್ಲುಗೋಡೆಯಲ್ಲೊಂದು ಕಿಂಡಿ, ಅಷ್ಟೇ!

ಹಾಗಾದರೆ ನಾವೇಕೆ ಲೆನ್ಸಿಗೆ ಸಾವಿರಾರು ಡಾಲರ್ ಸುರಿಯುತ್ತೇವೆ? ಉತ್ತರ ಹುಡುಕಲು, ಎಯ್ಟ್ ಮೈಲ್ ಪ್ಲೇನ್ಸ್‌ನ ನಮ್ಮ ಮನೆಯಲ್ಲಿ ಕ್ಯಾಮೆರಾದ ಲೆನ್ಸ್ ತೆಗೆದು, ಅಲ್ಲಿ ಸೂಜಿರಂಧ್ರವಿರುವ ತೆಳು ತಗಡನ್ನು ಕೂರಿಸಿದೆ.

ರಂಧ್ರ ದೊಡ್ಡದಾದರೆ ಚಿತ್ರ ಮಸುಕು. ತೀರಾ ಚಿಕ್ಕದಾದರೂ ಮಸುಕೇ, ಏಕೆಂದರೆ ಬೆಳಕು ಅಂಚಿನಲ್ಲಿ ಬಾಗಿ ಹರಡಿಕೊಳ್ಳುತ್ತದೆ. ರಂಧ್ರದಿಂದ ಸೆನ್ಸರ್‌ಗೆ 45 ಮಿಲಿಮೀಟರ್ ದೂರವಿದ್ದರೆ ಸುಮಾರು 0.3 ಮಿಲಿಮೀಟರ್ ರಂಧ್ರ ಸರಿಯಾದ ಅಳತೆ. ಅಂದರೆ ಎಫ್/150! ಎಫ್/8ರಲ್ಲಿಟ್ಟ ಲೆನ್ಸಿಗೆ ಹೋಲಿಸಿದರೆ ಒಳಬರುವ ಬೆಳಕು ಸುಮಾರು 350 ಪಟ್ಟು ಕಡಿಮೆ. ಲೆನ್ಸ್ 1/250 ಸೆಕೆಂಡಿನಲ್ಲಿ ಮುಗಿಸುವ ಕೆಲಸಕ್ಕೆ ರಂಧ್ರಕ್ಕೆ ಸುಮಾರು ಒಂದೂವರೆ ಸೆಕೆಂಡ್ ಬೇಕು. ಓಡಾಡುವ ಮಕ್ಕಳು ಹೊಗೆಯಂತೆ ಕಾಣುತ್ತಾರೆ.

ಲೆನ್ಸಿನ ಹೆಚ್ಚುಗಾರಿಕೆ ಇಲ್ಲಿದೆ. ಅಗಲವಾದ ಗಾಜು ಬಹಳಷ್ಟು ಬೆಳಕನ್ನು ಹಿಡಿದು ಒಂದೇ ಬಿಂದುವಿಗೆ ತರುತ್ತದೆ. ಆದರೆ ಅದಕ್ಕೆ ಫೋಕಸ್‌ನ ಕಟ್ಟುಪಾಡು: ಒಂದು ದೂರ ಸ್ಪಷ್ಟವಾದರೆ ಉಳಿದದ್ದು ಕ್ರಮೇಣ ಮಸುಕು. ಅಂಚಿನಲ್ಲಿ ನೇರ ಗೆರೆಗಳು ಬಾಗುವುದೂ ಉಂಟು. ನಮ್ಮ ಫೋನುಗಳಲ್ಲಿ ಆ ಡೊಂಕನ್ನು ತಿದ್ದುವುದು ನನ್ನಂಥ ಸಾಫ್ಟ್‌ವೇರ್‌ ಮಂದಿಯ ಕೆಲಸ! ರಂಧ್ರಕ್ಕೆ ಈ ತಾಪತ್ರಯವಿಲ್ಲ. ಹತ್ತಿರದ ಹೂಕುಂಡವೂ ದೂರದ ಮರವೂ ಸರಿಸುಮಾರು ಒಂದೇ ಮೃದುತ್ವದಲ್ಲಿ ಮೂಡುತ್ತವೆ. ನೇರ ಗೆರೆ ನೇರವಾಗಿಯೇ ಉಳಿಯುತ್ತದೆ. ಹಂಪಿಯಲ್ಲಿ ಗೋಡೆಯನ್ನು ತುಸು ಹಿಂದೆ ಕಟ್ಟಿದ್ದರೂ ಗೋಪುರ ಮೂಡುತ್ತಿತ್ತು, ಇನ್ನಷ್ಟು ದೊಡ್ಡದಾಗಿ, ಇನ್ನಷ್ಟು ಮಂಕಾಗಿ. ಲೆನ್ಸಾಗಿದ್ದರೆ ಮತ್ತೆ ಫೋಕಸ್ ಮಾಡಬೇಕಾಗುತ್ತಿತ್ತು.

ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಕ್ಯಾಮೆರಾ ಎಂದರೆ ಫೋನಿನ ಒಂದು ಗುಂಡಿ. ಅದರೊಳಗೆ ನಡೆಯುವುದೇನೆಂದು ತೋರಿಸಲು ಹಂಪಿಯವರೆಗೆ ಹೋಗಬೇಕಿಲ್ಲ. ಬಿಸಿಲಿರುವ ದಿನ ಒಂದು ಕೋಣೆಯ ಕಿಟಕಿಗೆ ರಟ್ಟು, ಅಲ್ಯೂಮಿನಿಯಂ ಹಾಳೆ ಮುಚ್ಚಿ, ಒಂದು ಸೆಂಟಿಮೀಟರ್‌ನಷ್ಟು ತೂತು ಮಾಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಕೊಡಿ. ಎದುರು ಮನೆ, ಮರ, ಆಕಾಶ ಎಲ್ಲವೂ ಗೋಡೆಯ ಮೇಲೆ ತಲೆಕೆಳಗಾಗಿ ಇಳಿಯುತ್ತವೆ. ಒಂದು ಎಚ್ಚರಿಕೆ: ತೂತಿನ ಮೂಲಕ ಸೂರ್ಯನನ್ನು ಮಾತ್ರ ನೋಡಬೇಡಿ.

ಪ್ರತಿ ವರ್ಷ ಏಪ್ರಿಲ್‌ನ ಕೊನೆಯ ಭಾನುವಾರ ವಿಶ್ವ ಸೂಜಿರಂಧ್ರ ಛಾಯಾಗ್ರಹಣ ದಿನ, 2001ರಿಂದ ನಡೆದುಬಂದಿದೆ. ಆ ದಿನಕ್ಕೆ ಒಂದು ಸೂಜಿ, ಒಂದು ತಗಡು ಸಿದ್ಧವಿರಲಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.