ಒಡೆತನ ಚೂರು, ಹಿಡಿತ ಪೂರ್ತಿ: ಕೊರಿಯಾದ ಚೇಬೊಲ್ ಮನೆತನಗಳು

ದಕ್ಷಿಣ ಕೊರಿಯಾದಲ್ಲಿ ಒಂದೇ ಮನೆತನದ ಹಿಡಿತದಲ್ಲಿರುವ, ಒಂದಕ್ಕೊಂದು ನಂಟಿಲ್ಲದ ಹತ್ತಾರು ವ್ಯವಹಾರಗಳ ಉದ್ಯಮ ಸಮೂಹಕ್ಕೆ ಚೇಬೊಲ್ ಎನ್ನುತ್ತಾರೆ. ಸ್ಯಾಮ್‌ಸಂಗ್, ಎಸ್‌ಕೆ, ಹ್ಯುಂಡೈ, ಎಲ್‌ಜಿ, ಲೊಟ್ಟೆ ಇವುಗಳಲ್ಲಿ ಮುಖ್ಯವಾದವು. ನಮಗೆ ಮೊಬೈಲ್ ಫೋನಿನಿಂದ ಪರಿಚಿತವಾದ ಸ್ಯಾಮ್‌ಸಂಗ್ ತನ್ನ ನಾಡಿನಲ್ಲಿ ಹಡಗು ಕಟ್ಟುತ್ತದೆ, ಜೀವವಿಮೆ ಮಾರುತ್ತದೆ, ಆಸ್ಪತ್ರೆ ನಡೆಸುತ್ತದೆ. ದುಬೈನ ಬುರ್ಜ್ ಖಲೀಫಾ ಕಟ್ಟಿದವರಲ್ಲೂ ಅದರ ನಿರ್ಮಾಣ ಕಂಪನಿ ಇತ್ತು. ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ ಪ್ರತಿ ವರ್ಷ 5 ಲಕ್ಷ ಕೋಟಿ ವೊನ್‌ಗಿಂತ ಹೆಚ್ಚು ಆಸ್ತಿಯಿರುವ ಸಮೂಹಗಳ ಪಟ್ಟಿ ಹೊರಡಿಸುತ್ತದೆ. ಸಾಮಾನ್ಯವಾಗಿ ಕಂಪನಿಯನ್ನು ನೋಡಿ ಅದರ ಒಡೆಯ ಯಾರೆಂದು ಕೇಳುವುದು ರೂಢಿ. ಇಲ್ಲಿನ ಕಾನೂನು ಮೊದಲು ಒಡೆಯನನ್ನು ಗುರುತಿಸಿ, ಆಮೇಲೆ ಅವನ ಬೆನ್ನಿಗೆ ಯಾವ ಯಾವ ಕಂಪನಿಗಳಿವೆ ಎಂದು ಎಣಿಸುತ್ತದೆ.

ಆರಂಭ ತೀರಾ ಸಣ್ಣದು. ಲೀ ಬ್ಯುಂಗ್-ಚುಲ್ 1938ರಲ್ಲಿ ದೇಗು ಪಟ್ಟಣದಲ್ಲಿ ಒಣಮೀನು, ತರಕಾರಿ, ನೂಡಲ್ಸ್ ವ್ಯಾಪಾರಕ್ಕೆ ಇಳಿದರು. ಅದೇ ಸ್ಯಾಮ್‌ಸಂಗ್. ಹ್ಯುಂಡೈ ಕಟ್ಟಿದ ಚುಂಗ್ ಜು-ಯುಂಗ್ ಈಗಿನ ಉತ್ತರ ಕೊರಿಯಾದ ಹಳ್ಳಿಯ ರೈತರ ಮಗ. ಅಪ್ಪ ಹಸು ಮಾರಿ ಇಟ್ಟಿದ್ದ ಹಣ ಎತ್ತಿಕೊಂಡು ಮನೆ ಬಿಟ್ಟವರು. 1945ರಲ್ಲಿ ಜಪಾನಿನ ಆಳ್ವಿಕೆ ಕೊನೆಗೊಂಡಾಗ ಜಪಾನೀಯರು ಬಿಟ್ಟುಹೋದ ಕಾರ್ಖಾನೆಗಳು ಅಧಿಕಾರಸ್ಥರ ಪರಿಚಯವಿದ್ದವರಿಗೆ ಅಗ್ಗದಲ್ಲಿ ಸಿಕ್ಕವು. ಕೊರಿಯಾ ಯುದ್ಧದ ನಂತರ ಅಮೆರಿಕದ ನೆರವಾಗಿ ಬಂದ ಕಚ್ಚಾ ಸಾಮಗ್ರಿಯ ಸುತ್ತ ಸಕ್ಕರೆ, ಹಿಟ್ಟು, ಹತ್ತಿ ಬಟ್ಟೆಯ ಉದ್ಯಮಗಳು ಬೆಳೆದವು. ಜನ ಅವಕ್ಕೆ ‘ಮೂರು ಬಿಳಿ’ ಎನ್ನುತ್ತಿದ್ದರು. ಸ್ಯಾಮ್‌ಸಂಗ್‌ನ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1953ರಲ್ಲಿ.

ಇಷ್ಟರಿಂದಲೇ ಅವು ದೈತ್ಯ ಸಂಸ್ಥೆಗಳಾಗಲಿಲ್ಲ. 1961ರ ಮೇ 16ರಂದು ಸೇನಾಧಿಕಾರಿ ಪಾರ್ಕ್ ಚುಂಗ್-ಹೀ ಅಧಿಕಾರ ಹಿಡಿದರು. ಅಕ್ರಮ ಸಂಪತ್ತಿನ ಆರೋಪದ ಮೇಲೆ ದೊಡ್ಡ ವ್ಯಾಪಾರಿಗಳನ್ನು ಬಂಧಿಸುವುದು ಹೊಸ ಆಡಳಿತದ ಮೊದಮೊದಲ ಕೆಲಸಗಳಲ್ಲೊಂದಾಗಿತ್ತು. ಲೀ ಬ್ಯುಂಗ್-ಚುಲ್ ಆಗ ಟೋಕಿಯೊದಲ್ಲಿದ್ದರು. ಮರಳಿ ಬಂದು ಪಾರ್ಕ್ ಅವರನ್ನು ಕಂಡರು. ಕೊನೆಗೆ ವ್ಯಾಪಾರಿಗಳು ಜೈಲಿನಿಂದ ಹೊರಬಂದರು, ದಂಡಕ್ಕೆ ಬದಲಾಗಿ ಕಾರ್ಖಾನೆ ಕಟ್ಟಲು ಒಪ್ಪಿದರು. ಅದೇ ಹೊತ್ತಿಗೆ ಸರ್ಕಾರ ಬ್ಯಾಂಕುಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ಮುಂದಿನ ಕಥೆಗೆಲ್ಲ ಇದೇ ಬುಡ. ಯುದ್ಧಪೂರ್ವ ಜಪಾನಿನ ದೊಡ್ಡ ವ್ಯಾಪಾರಿ ಮನೆತನಗಳಿಗೆ ಸ್ವಂತ ಬ್ಯಾಂಕುಗಳಿದ್ದವು. ಕೊರಿಯಾದ ಮನೆತನಗಳಿಗೆ ಅವಿರಲಿಲ್ಲ. ತಿಜೋರಿಯ ಕೀಲಿ ಅಧ್ಯಕ್ಷರ ಕೈಯಲ್ಲಿತ್ತು.

ಆ ಕೀಲಿಯನ್ನು ಪಾರ್ಕ್ ರಫ್ತಿನ ಲೆಕ್ಕ ನೋಡಿ ತಿರುಗಿಸುತ್ತಿದ್ದರು. ಪ್ರತಿ ತಿಂಗಳು ರಫ್ತು ಸಭೆಯಲ್ಲಿ ತಾವೇ ಕೂರುತ್ತಿದ್ದರು. ಗುರಿ ಮುಟ್ಟಿದವರಿಗೆ ಅಗ್ಗದ ಸಾಲ ಸಿಗುತ್ತಿತ್ತು, ಎಡವಿದವರಿಗೆ ಇಲ್ಲ. 1964ರಲ್ಲಿ 10 ಕೋಟಿ ಡಾಲರ್ ಇದ್ದ ರಫ್ತು 1977ರಲ್ಲಿ 1,000 ಕೋಟಿ ಡಾಲರ್ ಮುಟ್ಟಿತು. 1973ರಲ್ಲಿ ಉಕ್ಕು, ಹಡಗು, ಯಂತ್ರ, ರಾಸಾಯನಿಕ, ಎಲೆಕ್ಟ್ರಾನಿಕ್ಸ್ ಕ್ಷೇತ್ರಗಳಿಗೆ ಒತ್ತು ಕೊಡುವ ಯೋಜನೆ ಬಂದಾಗ ಯಾರು ಏನು ಕಟ್ಟಬೇಕೆಂಬುದನ್ನೂ ಬಹುಮಟ್ಟಿಗೆ ಸರ್ಕಾರವೇ ಹೇಳಿತು. ಅನುಭವವೇ ಇಲ್ಲದ ಕ್ಷೇತ್ರಕ್ಕೆ ಒಬ್ಬ ವ್ಯಾಪಾರಿ ಧುಮುಕುತ್ತಿದ್ದುದು ಎದೆಗಾರಿಕೆಯಿಂದ ಮಾತ್ರವಲ್ಲ, ನಷ್ಟವಾದರೆ ಸರ್ಕಾರ ಕೈಬಿಡದೆಂಬ ನಂಬಿಕೆಯಿಂದಲೂ ಹೌದು.

ಉಲ್ಸಾನ್ ಹಡಗುಕಟ್ಟೆಯದು ಕೊರಿಯಾದ ಮಕ್ಕಳಿಗೂ ಗೊತ್ತಿರುವ ಕಥೆ. ಹಡಗು ಕಟ್ಟಿ ಗೊತ್ತಿಲ್ಲದ ಚುಂಗ್ ಜು-ಯುಂಗ್ 1971ರಲ್ಲಿ ಸಾಲ ಹುಡುಕಿಕೊಂಡು ಲಂಡನ್ನಿಗೆ ಹೋದರು. ಜೇಬಿನಿಂದ 500 ವೊನ್ ನೋಟು ತೆಗೆದು, ಅದರ ಮೇಲಿದ್ದ 16ನೇ ಶತಮಾನದ ಆಮೆ ಹಡಗಿನ ಚಿತ್ರ ತೋರಿಸಿ, ನಮ್ಮವರು ನಿಮಗಿಂತ ಮೊದಲೇ ಕಬ್ಬಿಣ ಹೊದಿಸಿದ ಹಡಗು ಕಟ್ಟಿದವರು ಎಂದರಂತೆ. ಗ್ರೀಕ್ ಹಡಗು ಮಾಲೀಕರೊಬ್ಬರು ಎರಡು ದೊಡ್ಡ ತೈಲ ಹಡಗುಗಳಿಗೆ ಬೇಡಿಕೆ ಕೊಟ್ಟರು. 1972ರಲ್ಲಿ ಕೆಲಸ ಶುರುವಾಗಿ, ಹಡಗುಕಟ್ಟೆಯೂ ಹಡಗುಗಳೂ ಒಟ್ಟೊಟ್ಟಿಗೇ ಮೇಲೆದ್ದವು. ಹೇಳಿ ಹೇಳಿ ನುಣುಪಾದ ಈ ಕಥೆಯಲ್ಲಿ ನೋಟಿನ ಪಾತ್ರಕ್ಕೆ ಸಿಗುವ ಚಪ್ಪಾಳೆ, ಸಾಲದ ಹಿಂದೆ ನಿಂತಿದ್ದ ಕೊರಿಯಾ ಸರ್ಕಾರದ ಖಾತರಿಗೆ ಸಿಗುವುದಿಲ್ಲ.

ಕೊಟ್ಟ ಕೈ ಕಿತ್ತುಕೊಳ್ಳಲೂಬಹುದಿತ್ತು. 1985ರಲ್ಲಿ ಅಧ್ಯಕ್ಷ ಚುನ್ ಡೂ-ಹ್ವಾನ್ ಆಡಳಿತದಲ್ಲಿ ದೇಶದ ಏಳನೇ ದೊಡ್ಡ ಸಮೂಹವಾಗಿದ್ದ ಕುಕ್ಜೆಗೆ ಬ್ಯಾಂಕುಗಳು ಸಾಲ ನಿಲ್ಲಿಸಿದವು. ಅದರ ಕಂಪನಿಗಳು ಬೇರೆಯವರಿಗೆ ಹಂಚಿಹೋದವು. ಅಧ್ಯಕ್ಷರ ಕಡೆಯವರು ಕೇಳಿದ ದೇಣಿಗೆಗೆ ಮಾಲೀಕರು ಕೈ ಬಿಗಿ ಹಿಡಿದದ್ದೇ ಕಾರಣವೆಂಬ ಮಾತು ಆಗಲೇ ಹಬ್ಬಿತ್ತು. ಸರ್ಕಾರದ ನಡೆ ಸಂವಿಧಾನಬಾಹಿರ ಎಂದು ಸಂವಿಧಾನ ನ್ಯಾಯಾಲಯ 1993ರಲ್ಲಿ ಹೇಳುವ ಹೊತ್ತಿಗೆ ಮರಳಿ ಕೊಡಲು ಏನೂ ಉಳಿದಿರಲಿಲ್ಲ.

ಸಾಲದ ಮೇಲೆ ನಿಂತ ಈ ಬೆಳವಣಿಗೆ ಕುಸಿದದ್ದು 1997ರಲ್ಲಿ. ಸಮೂಹದ ಒಂದು ಕಂಪನಿಯ ಸಾಲಕ್ಕೆ ಇನ್ನೊಂದು ಜಾಮೀನು ನಿಲ್ಲುವುದು ವಾಡಿಕೆಯಾಗಿತ್ತು. ಬಹಳಷ್ಟು ಸಮೂಹಗಳ ಸಾಲ ಸ್ವಂತ ಬಂಡವಾಳದ ನಾಲ್ಕೈದು ಪಟ್ಟು ಮೀರಿತ್ತು. ಜನವರಿಯಲ್ಲಿ ಹಾನ್ಬೊ ಉಕ್ಕು ಕಂಪನಿ ಮುಳುಗಿತು, ಬೇಸಿಗೆಯಲ್ಲಿ ಕಿಯಾ ತತ್ತರಿಸಿತು, ನವೆಂಬರಿನಲ್ಲಿ ಸರ್ಕಾರ ಐಎಂಎಫ್ ಬಾಗಿಲು ತಟ್ಟಿತು. ಮರುವರ್ಷ ದೇಶದ ಸಾಲ ತೀರಿಸಲೆಂದು ಜನಸಾಮಾನ್ಯರು ಸಾಲುಗಟ್ಟಿ ನಿಂತು ಮದುವೆಯ ಉಂಗುರಗಳನ್ನೂ ಕೊಟ್ಟರು. 200 ಟನ್‌ಗೂ ಹೆಚ್ಚು ಚಿನ್ನ ಸೇರಿತು. ಕಿಯಾ ಹ್ಯುಂಡೈ ಪಾಲಾಯಿತು. ಎಲ್‌ಜಿಯ ಚಿಪ್ ಘಟಕವೂ ಹ್ಯುಂಡೈಗೆ ಹೋಗಿ ಹೈನಿಕ್ಸ್ ಆಯಿತು. ಅದನ್ನು 2012ರಲ್ಲಿ ಎಸ್‌ಕೆ ಕೊಂಡಿತು. ಎಲ್ಲಕ್ಕಿಂತ ದೊಡ್ಡ ಪತನ ದೇವೂದು. ಕಿಮ್ ವೂ-ಚೂಂಗ್ 1967ರಲ್ಲಿ ಕಟ್ಟಿದ ಆ ಸಾಮ್ರಾಜ್ಯ 1999ರಲ್ಲಿ ಉರುಳಿತು. ಕಿಮ್ ದೇಶ ಬಿಟ್ಟು ಹೋಗಿ 2005ರಲ್ಲಿ ಮರಳಿದರು, ಶಿಕ್ಷೆಗೂ ಒಳಗಾದರು. ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಸಿಯೆಲೊ, ಮಾಟಿಜ್ ಕಾರುಗಳು ಕಣ್ಮರೆಯಾದದ್ದು ಈ ಪತನದಿಂದಲೇ. ದೇವೂದ ಟ್ರಕ್ ಘಟಕ 2004ರಲ್ಲಿ ಟಾಟಾ ಮೋಟಾರ್ಸ್‌ಗೆ ಸೇರಿತು.

ಉಳಿದ ಮನೆತನಗಳು ಸಾಲ ಇಳಿಸಿಕೊಂಡವು. ಆದರೆ ಹಿಡಿತ ಬಿಡಲಿಲ್ಲ. ನ್ಯಾಯಯುತ ವ್ಯಾಪಾರ ಆಯೋಗದ ಲೆಕ್ಕದಂತೆ ಇಂಥ ಸಮೂಹಗಳಲ್ಲಿ ಒಡೆಯನ ಮನೆಯವರ ನೇರ ಪಾಲು ಸರಾಸರಿ ಶೇ 4ಕ್ಕಿಂತಲೂ ಕಡಿಮೆ. ಸಮೂಹದ ಕಂಪನಿಗಳು ಪರಸ್ಪರ ಹಿಡಿದಿರುವ ಷೇರು ಸೇರಿಸಿದರೆ ಅದು ಶೇ 60ರ ಆಸುಪಾಸಿಗೆ ಏರುತ್ತದೆ. ಸ್ಯಾಮ್‌ಸಂಗ್‌ನ ಎವರ್‌ಲ್ಯಾಂಡ್ ಪ್ರಕರಣ ಇದಕ್ಕೆ ಅಚ್ಚುಕಟ್ಟಾದ ಪಾಠ. ಎವರ್‌ಲ್ಯಾಂಡ್ ಎಂದರೆ ಮೃಗಾಲಯ, ತೂಗುಯ್ಯಾಲೆಗಳಿರುವ ಮನರಂಜನಾ ಉದ್ಯಾನ. ಅದರ ಬಳಿ ಸ್ಯಾಮ್‌ಸಂಗ್ ಜೀವವಿಮೆಯ ಷೇರು, ಜೀವವಿಮೆಯ ಬಳಿ ಎಲೆಕ್ಟ್ರಾನಿಕ್ಸ್‌ನ ಷೇರು, ಎಲೆಕ್ಟ್ರಾನಿಕ್ಸ್‌ನ ಬಳಿ ಕಾರ್ಡ್ ಕಂಪನಿಯ ಷೇರು, ಕಾರ್ಡ್ ಕಂಪನಿಯ ಬಳಿ ಮತ್ತೆ ಎವರ್‌ಲ್ಯಾಂಡ್ ಷೇರು ಇದ್ದವು. 1996ರಲ್ಲಿ ಎವರ್‌ಲ್ಯಾಂಡ್ ಷೇರಾಗಿ ಬದಲಾಗಬಲ್ಲ ಸಾಲಪತ್ರಗಳನ್ನು ಅಗ್ಗದ ಬೆಲೆಗೆ ಹೊರಡಿಸಿತು. ಇತರ ಷೇರುದಾರರು ಬಹುತೇಕ ಹಿಂದೆ ಸರಿದರು. ಸಂಸ್ಥಾಪಕರ ಮೊಮ್ಮಗ ಲೀ ಜೇ-ಯಾಂಗ್ ಮತ್ತು ಅವರ ತಂಗಿಯರು ಕೊಂಡರು. ಹೀಗೆ ಒಂದು ಉದ್ಯಾನದ ಷೇರು ಹಿಡಿದವರಿಗೆ ಚಿಪ್ ಸಾಮ್ರಾಜ್ಯದ ಬಾಗಿಲು ತೆರೆಯಿತು.

ಇಂಥ ಸರ್ಕಸ್ಸಿಗೆಲ್ಲ ಮೂಲ ಉತ್ತರಾಧಿಕಾರದ ತೆರಿಗೆ. ಅದರ ಗರಿಷ್ಠ ದರ ಶೇ 50. ಹಿಡಿತವಿರುವ ಷೇರುದಾರರ ವಿಷಯದಲ್ಲಿ ಶೇ 60ರವರೆಗೂ ಹೋಗುತ್ತದೆ. 2020ರಲ್ಲಿ ಲೀ ಜೇ-ಯಾಂಗ್ ಅವರ ತಂದೆ ಲೀ ಕುನ್-ಹೀ ತೀರಿಕೊಂಡಾಗ ಸ್ಯಾಮ್‌ಸಂಗ್ ಕುಟುಂಬಕ್ಕೆ ಬಂದ ತೆರಿಗೆ 12 ಲಕ್ಷ ಕೋಟಿ ವೊನ್‌ಗೂ ಮೇಲೆ. ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ವಾರಸುದಾರನಿಗೆ ತನ್ನದೇ ಕಂಪನಿಯ ಷೇರು ಬೆಲೆ ಕೆಳಗಿರಲಿ ಎನ್ನಿಸುವ ವಿಚಿತ್ರ ಸ್ಥಿತಿಯನ್ನೂ ಅದು ತಂದಿಟ್ಟಿತು. ಕೊರಿಯಾದ ಷೇರುಗಳು ಬಹುಕಾಲ ಅಗ್ಗವಾಗಿಯೇ ಉಳಿದದ್ದಕ್ಕೆ ಇದೂ ಒಂದು ಕಾರಣವೆಂದು ಹೂಡಿಕೆದಾರರು ದೂರುತ್ತಾರೆ.

2015ರಲ್ಲಿ ಸ್ಯಾಮ್‌ಸಂಗ್‌ನ ನಿರ್ಮಾಣ ಕಂಪನಿಯನ್ನು ಎವರ್‌ಲ್ಯಾಂಡಿನ ಹೊಸ ರೂಪವಾದ ಚೇಲ್ ಇಂಡಸ್ಟ್ರೀಸ್ ಜತೆ ವಿಲೀನಗೊಳಿಸಲಾಯಿತು. ನಿರ್ಮಾಣ ಕಂಪನಿಯ ಒಂದು ಷೇರಿಗೆ ಸಿಕ್ಕಿದ್ದು ಚೇಲ್‌ನ 0.35 ಷೇರು. ರಾಷ್ಟ್ರೀಯ ಪಿಂಚಣಿ ನಿಧಿ ವಿಲೀನದ ಪರವಾಗಿ ಮತ ಹಾಕಿತು. ಅದರ ಮೇಲೆ ಒತ್ತಡ ಹೇರಿದ್ದಕ್ಕೆ ಅಂದಿನ ಆರೋಗ್ಯ ಸಚಿವರು ಮುಂದೆ ಜೈಲು ಕಂಡರು. ಅಧ್ಯಕ್ಷೆ ಪಾರ್ಕ್ ಗ್ಯುನ್-ಹೈ ಅವರ ಆಪ್ತೆಯ ಮಗಳಿಗೆ ಸ್ಯಾಮ್‌ಸಂಗ್ ಕುದುರೆಗಳನ್ನು ಒದಗಿಸಿದ ಸಂಗತಿಯೂ ಬಯಲಾಯಿತು. 2017ರಲ್ಲಿ ಅಧ್ಯಕ್ಷೆ ಪದಚ್ಯುತರಾದರು, ಲೀ ಜೇ-ಯಾಂಗ್ ಬಂಧನಕ್ಕೊಳಗಾದರು. ವ್ಯಾಪಾರಿಗಳನ್ನು ಬಂಧಿಸಿ ಬಿಟ್ಟ ಪಾರ್ಕ್ ಚುಂಗ್-ಹೀ ಅವರ ಮಗಳೇ ಈಕೆ. ಲಂಚದ ಪ್ರಕರಣದಲ್ಲಿ ತಪ್ಪಿತಸ್ಥರಾದ ಲೀ ಅವರಿಗೆ 2022ರಲ್ಲಿ ಕ್ಷಮಾದಾನ ಸಿಕ್ಕಿತು. ವಿಲೀನದ ಪ್ರಕರಣದಲ್ಲಿ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಖುಲಾಸೆಯನ್ನು ಎತ್ತಿಹಿಡಿಯಿತು. ಕ್ಷಮಾದಾನ ಇಲ್ಲಿ ಅಪರೂಪವೇನಲ್ಲ. ಲೀ ಅವರ ತಂದೆಗೆ 2009ರಲ್ಲಿ ಚಳಿಗಾಲದ ಒಲಿಂಪಿಕ್ಸ್ ತರುವ ಕೆಲಸಕ್ಕೆ ಬೇಕೆಂದು ಅವರೊಬ್ಬರಿಗೇ ಕ್ಷಮೆ ನೀಡಲಾಗಿತ್ತು. ‘ಮೂರು ವರ್ಷ ಶಿಕ್ಷೆ, ಐದು ವರ್ಷ ಅಮಾನತು’ ಎಂಬುದು ಚೇಬೊಲ್ ಒಡೆಯರ ತೀರ್ಪಿನ ಮಾಮೂಲಿ ಅಳತೆಯೆಂದು ಜನ ಗೇಲಿ ಮಾಡುತ್ತಾರೆ.

ಎಲ್‌ಜಿ ಮನೆಯ ದಾರಿ ಬೇರೆ. ಅಲ್ಲಿ ಹಿರಿಯ ಮಗನಿಗೇ ಪಟ್ಟ. ಮಗನನ್ನು ಕಳೆದುಕೊಂಡಿದ್ದ ಆಗಿನ ಅಧ್ಯಕ್ಷ ಕೂ ಬಾನ್-ಮೂ 2004ರಲ್ಲಿ ತಮ್ಮನ ಮಗ ಕೂ ಕ್ವಾಂಗ್-ಮೊ ಅವರನ್ನು ದತ್ತು ತೆಗೆದುಕೊಂಡರು. 2018ರಲ್ಲಿ ಆ ದತ್ತುಪುತ್ರ ಅಧ್ಯಕ್ಷರಾದರು. ಹೆಣ್ಣುಮಕ್ಕಳಿಬ್ಬರು ಮನೆಯಲ್ಲಿದ್ದರೂ ಪಟ್ಟಕ್ಕೆ ಹುಡುಗನೇ ಬೇಕಾಯಿತು. ಆ ಹೆಣ್ಣುಮಕ್ಕಳು ಮತ್ತು ತಾಯಿ ಆಸ್ತಿ ಹಂಚಿಕೆ ಪ್ರಶ್ನಿಸಿ 2023ರಲ್ಲಿ ಕೋರ್ಟಿಗೆ ಹೋದರು.

ಭಾರತದಲ್ಲಿ ಈ ಮನೆತನಗಳ ಬೇರು 1990ರ ದಶಕದ್ದು. ಹ್ಯುಂಡೈ ಚೆನ್ನೈ ಹತ್ತಿರ ಕಾರ್ಖಾನೆ ಕಟ್ಟಿ 1998ರಲ್ಲಿ ಸ್ಯಾಂಟ್ರೊ ಹೊರತಂದಿತು. ಸ್ಯಾಮ್‌ಸಂಗ್‌ನ ದೊಡ್ಡ ಸಂಶೋಧನಾ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಕಿಯಾ ಕಾರುಗಳು ತಯಾರಾಗುವುದು ಕರ್ನಾಟಕದ ಗಡಿಗೆ ಹತ್ತಿರದ ಪೆನುಕೊಂಡದಲ್ಲಿ. 2024ರ ಅಕ್ಟೋಬರಿನಲ್ಲಿ ಹ್ಯುಂಡೈ ಇಂಡಿಯಾದ ಷೇರುಗಳು ಮುಂಬೈ ಪೇಟೆಗೆ ಬಂದಾಗ ಸಂಗ್ರಹವಾದ ₹27,870 ಕೋಟಿ ಹೋದದ್ದು ಕೊರಿಯಾದ ಮಾತೃಸಂಸ್ಥೆಗೆ.

ಕೊರಿಯಾದ ಸಣ್ಣ ಷೇರುದಾರರ ದನಿ ಈಚೆಗೆ ಗಟ್ಟಿಯಾಗಿದೆ. ವಿಮಾನದಲ್ಲಿ ಬೀಜಗಳನ್ನು ತಟ್ಟೆಯಲ್ಲಿಡದೆ ಪೊಟ್ಟಣದಲ್ಲೇ ಕೊಟ್ಟರೆಂದು ಕೊರಿಯನ್ ಏರ್ ಒಡೆಯರ ಮಗಳು 2014ರಲ್ಲಿ ರಂಪ ಮಾಡಿ ವಿಮಾನವನ್ನೇ ಹಿಂತಿರುಗಿಸಿದ್ದರು. 2019ರಲ್ಲಿ ಆಕೆಯ ತಂದೆಯನ್ನು ಷೇರುದಾರರು ಮತ ಹಾಕಿ ಕಂಪನಿಯ ನಿರ್ದೇಶಕ ಸ್ಥಾನದಿಂದ ಇಳಿಸಿದರು; ಚೇಬೊಲ್ ಒಡೆಯರೊಬ್ಬರಿಗೆ ಹೀಗಾದದ್ದು ಅದೇ ಮೊದಲು. ನಿರ್ದೇಶಕರು ಕಂಪನಿಗಷ್ಟೇ ಅಲ್ಲ, ಎಲ್ಲ ಷೇರುದಾರರಿಗೂ ನಿಷ್ಠರಾಗಿರಬೇಕೆಂಬ ತಿದ್ದುಪಡಿಯನ್ನು 2025ರ ಜುಲೈನಲ್ಲಿ ಸಂಸತ್ತು ಒಪ್ಪಿತು. ಎವರ್‌ಲ್ಯಾಂಡಿನಂಥ ಷೇರುಗಳ ಹೊಸ ಸುತ್ತುಬಳ್ಳಿ ಕಟ್ಟುವುದು 2014ರಲ್ಲೇ ನಿಷಿದ್ಧವಾಗಿದೆ, ಹಳೆಯವು ಒಂದೊಂದಾಗಿ ಬಿಚ್ಚಿಕೊಂಡಿವೆ. ದೊಡ್ಡ ಸಮೂಹಗಳಲ್ಲಿ ಉಳಿದಿರುವುದು ಹ್ಯುಂಡೈ: ಬಿಡಿಭಾಗ ತಯಾರಿಸುವ ಮೊಬಿಸ್ ಕೈಯಲ್ಲಿ ಹ್ಯುಂಡೈ ಮೋಟಾರ್, ಹ್ಯುಂಡೈ ಮೋಟಾರ್ ಕೈಯಲ್ಲಿ ಕಿಯಾ, ಕಿಯಾ ಕೈಯಲ್ಲಿ ಮೊಬಿಸ್. ಇದನ್ನು ಬಿಚ್ಚಲು 2018ರಲ್ಲಿ ರೂಪಿಸಿದ ಯೋಜನೆಯನ್ನು ವಿದೇಶಿ ಹೂಡಿಕೆದಾರರ ವಿರೋಧದಿಂದ ಕೈಬಿಡಲಾಯಿತು.